ಇಂಕನ್ನು ಹೆಡ್ಡಿಗೆ ತಳ್ಳುವುದು ಯಾರು?

ಪ್ರಶ್ನೆ: ಇಂಕ್‌ಜೆಟ್ ಪ್ರಿಂಟರಿನಲ್ಲಿ ಕಾರ್ಟ್ರಿಜ್‌ನಿಂದ ಹೆಡ್ಡಿಗೆ, ಅಂದರೆ ಕಾಗದದ ಮೇಲೆ ಇಂಕು ಹಾರಿಸುವ ಭಾಗಕ್ಕೆ, ಇಂಕು ಹೇಗೆ ಹೋಗುತ್ತದೆ? ಪಂಪ್ ಇರುತ್ತದಾ? ಹೊಸ ಕಾರ್ಟ್ರಿಜ್ ಹಾಕಿದರೂ ಪುಟದ ಮೇಲೆ ಬಿಳಿ ಗೆರೆ ಬರುತ್ತಿದೆ.

ಉತ್ತರ: ಮನೆಯಲ್ಲಿ ಬಳಸುವ ಹೆಚ್ಚಿನ ಪ್ರಿಂಟರುಗಳಲ್ಲಿ ಪ್ರಿಂಟ್ ಆಗುವಾಗ ಯಾವ ಪಂಪೂ ಇಂಕನ್ನು ತಳ್ಳುವುದಿಲ್ಲ. ಹೆಡ್ಡೇ ಎಳೆದುಕೊಳ್ಳುತ್ತದೆ. ಅದರ ತೂತುಗಳು ಕೂದಲಿಗಿಂತ ಸಣ್ಣವು. ಬಿಸಿಯಿಂದ ಎದ್ದ ಗುಳ್ಳೆಯೋ, ಕರೆಂಟ್ ಕೊಟ್ಟಾಗ ಬಾಗುವ ಪೀಜೋ ಹರಳೋ ಒಂದು ಹನಿಯನ್ನು ಹಾರಿಸಿದ ಕೂಡಲೇ, ಖಾಲಿಯಾದ ಜಾಗಕ್ಕೆ ಹಿಂದಿನ ಇಂಕು ತಾನಾಗಿ ಬಂದು ತುಂಬುತ್ತದೆ, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುತ್ತದಲ್ಲ, ಹಾಗೆ.

ಹಾಗಾದರೆ ಸುಮ್ನೆ ಇಟ್ಟಾಗ ಇಂಕು ಸೋರಬೇಕಿತ್ತು, ಅಲ್ವಾ? ನನಗೆ ತುಂಬಾ ಇಷ್ಟವಾದ ಭಾಗವೇ ಇದು. ಎಷ್ಟೋ ಕಾರ್ಟ್ರಿಜ್‌ಗಳ ಒಳಗೆ ಸ್ಪಂಜು ಇರುತ್ತದೆ. ಅದು ಇಂಕನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಹಿಡಿದಿರುತ್ತದೆ. ಟ್ಯಾಂಕ್ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಟ್ಯಾಂಕಿನ ಇಂಕಿನ ಮಟ್ಟ ಹೆಡ್ಡಿಗಿಂತ ಕೆಳಗಿರುತ್ತದೆ, ಅಲ್ಲೂ ಅದೇ ಕೆಲಸ ನಡೆಯುತ್ತದೆ. ಈ ಎಳೆತ ಜಾಸ್ತಿಯಾದರೆ ಹೆಡ್ಡಿಗೆ ಇಂಕು ಸಿಗುವುದಿಲ್ಲ, ಕಡಿಮೆಯಾದರೆ ತೊಟ್ಟಿಕ್ಕುತ್ತದೆ.

ನಿಮ್ಮ ಗೆರೆಯ ವಿಷಯ. ಮೊದಲು ಕಾರ್ಟ್ರಿಜ್‌ನ ಗಾಳಿ ತೂತಿನ ಮೇಲಿನ ಟೇಪು ಪೂರ್ತಿ ತೆಗೆದಿದ್ದೀರಾ ನೋಡಿ. ಗಾಳಿ ಒಳಗೆ ಹೋಗದಿದ್ದರೆ ಇಂಕು ಹೊರಗೆ ಬರುವುದಿಲ್ಲ. ಆಮೇಲೆ ಒಂದು ಸಲ ಹೆಡ್ ಕ್ಲೀನಿಂಗ್ ಮಾಡಿ. ಪಂಪ್ ಬಳಕೆಯಾಗುವುದು ಇಲ್ಲೇ: ಹೆಡ್ಡು ನಿಲ್ಲುವ ಜಾಗದಲ್ಲಿ ರಬ್ಬರ್ ಮುಚ್ಚಳವಿದೆ, ಅದರ ಮೂಲಕ ಪಂಪ್ ಕೆಳಗಿನಿಂದ ಇಂಕನ್ನೂ ಸಿಕ್ಕಿಕೊಂಡ ಗಾಳಿಯನ್ನೂ ಹೀರುತ್ತದೆ. ಹೀರಿದ ಇಂಕೆಲ್ಲ ವೇಸ್ಟ್, ಅದಕ್ಕೇ ಮತ್ತೆ ಮತ್ತೆ ಮಾಡಬೇಡಿ. ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ಪ್ರಿಂಟ್ ಕೊಟ್ಟು ನೋಡಿ.