ಓದುಗರ ಪ್ರಶ್ನೆ: ಎಂಟರ ಹುಡುಗನಿಗೆ ಎಷ್ಟು ಫುಟ್‌ಬಾಲ್?

ಪ್ರಶ್ನೆ: ನನ್ನ ಮಗನಿಗೆ 8 ವರ್ಷ, ಹುಟ್ಟಿದ್ದು ನವೆಂಬರ್‌ನಲ್ಲಿ. ವಾರಕ್ಕೆ ನಾಲ್ಕು ಸಂಜೆ ಒಂದೂವರೆ ಗಂಟೆ ಕೋಚಿಂಗ್, ಭಾನುವಾರ ಒಂದು ಗಂಟೆ ಮ್ಯಾಚ್. ಅವನನ್ನು ‘ಬಿ’ ಟೀಮಿಗೆ ಹಾಕಿದ ಮೇಲೆ ನಮ್ಮ ಮನೆಯವರು ದಿನಾ ಬೆಳಿಗ್ಗೆ ಅರ್ಧ ಗಂಟೆ ಟೆರೇಸ್ ಮೇಲೆ ಹೆಡಿಂಗ್ (ಚೆಂಡನ್ನು ತಲೆಯಿಂದ ಹೊಡೆಯುವುದು), ಡ್ರಿಬ್ಲಿಂಗ್ (ಚೆಂಡನ್ನು ಕಾಲಲ್ಲೇ ತಳ್ಳಿಕೊಂಡು ಓಡುವುದು) ಮಾಡಿಸುತ್ತಾರೆ. ಮ್ಯಾಚ್ ದಿನ ಗೆರೆಯ ಪಕ್ಕ ನಿಂತು ಒಂದೇ ಸಮನೆ ಕೂಗುತ್ತಾರೆ. ಈಗ ಹುಡುಗ ಹಿಮ್ಮಡಿ ನೋವು ಅನ್ನುತ್ತಾನೆ, ಭಾನುವಾರ ಹಾಸಿಗೆ ಬಿಟ್ಟು ಏಳುವುದಿಲ್ಲ. ಇದು ನೆಪವೋ? ಎಷ್ಟರಮಟ್ಟಿಗೆ ಒತ್ತಾಯ ಮಾಡಬಹುದು?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ನೆಪ ಅಂದುಕೊಳ್ಳುವ ಮೊದಲು ಹಿಮ್ಮಡಿ ನೋಡಿ. ಮಗುವನ್ನು ಬೋರಲು ಮಲಗಿಸಿ, ಹಿಮ್ಮಡಿಯ ಎರಡೂ ಪಕ್ಕ ಮೆಲ್ಲಗೆ ಅದುಮಿ. ಕಾಲು ಥಟ್ಟನೆ ಎಳೆದುಕೊಂಡರೆ ಅದು ಬಹುಮಟ್ಟಿಗೆ ಸೀವರ್ಸ್ ಎಂಬ ತೊಂದರೆ. ಈ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಹಿಂಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಓಡಿದಾಗಲೆಲ್ಲ ಮೀನಖಂಡದ ಸ್ನಾಯು ಅಲ್ಲೇ ಜಗ್ಗುತ್ತದೆ. ತೆಳು ಅಟ್ಟೆಯ ಸ್ಟಡ್ಸ್ (ಅಡಿಯಲ್ಲಿ ಗುಬ್ಬಿಗಳಿರುವ ಫುಟ್‌ಬಾಲ್ ಶೂ) ಹಾಕಿ ಗಟ್ಟಿ ನೆಲದ ಮೇಲೆ ಆಡಿದರೆ ನೋವು ಇನ್ನೂ ಜಾಸ್ತಿ. ಕುಂಟುತ್ತಿದ್ದರೆ ಆಟ ಪೂರ್ತಿ ಬಿಡಿಸಿ. ಆಡಿದ ಮೇಲೆ ನೋವಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ ಇಡಿ. ಎರಡೂ ಶೂಗೆ ಹಿಮ್ಮಡಿ ಪ್ಯಾಡ್ ಹಾಕಿಸಿ, ಒಂದಕ್ಕೇ ಹಾಕಿದರೆ ನಡಿಗೆ ಓರೆಯಾಗುತ್ತದೆ. ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮ ದಿನಕ್ಕೆರಡು ಹೊತ್ತು, ಪ್ರತಿ ಕಾಲಿಗೆ 30 ಸೆಕೆಂಡಿನಂತೆ ಮೂರು ಸಲ. ಎಳೆದಾಗ ನೋವಾದರೆ ಅಲ್ಲಿಗೇ ನಿಲ್ಲಿಸಿ. ಊತ, ಜ್ವರ, ರಾತ್ರಿ ನೋವು ಇದ್ದರೆ ಅಥವಾ ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.

ಈಗ ಲೆಕ್ಕ ಹಾಕಿ. ಕೋಚಿಂಗ್ 6 ಗಂಟೆ, ಮ್ಯಾಚ್ 1, ಟೆರೇಸ್ ಮೇಲೆ ಮೂರೂವರೆ: ಒಟ್ಟು ಹತ್ತೂವರೆ ಗಂಟೆ, ಒಂದು ದಿನವೂ ಬಿಡುವಿಲ್ಲ. ಮಗುವಿಗೆ ಎಷ್ಟು ವರ್ಷವೋ ವಾರಕ್ಕೆ ಅಷ್ಟು ಗಂಟೆ ಮೀರಬಾರದು ಎಂಬುದು ಮಕ್ಕಳ ಕ್ರೀಡಾ ವೈದ್ಯರು ಒಪ್ಪುವ ಅಂದಾಜು. ವಾರಕ್ಕೆ ಒಂದು ದಿನವಾದರೂ ರಜೆ ಬೇಕು, ವರ್ಷದಲ್ಲಿ ಬಿಡಿಬಿಡಿಯಾಗಿ ಎರಡು ಮೂರು ತಿಂಗಳು ಈ ಆಟದಿಂದ ಬಿಡುವು ಬೇಕು. ಬೆಳಗಿನ ಅಭ್ಯಾಸ ಇವತ್ತೇ ನಿಲ್ಲಿಸಿ. ಹೆಡಿಂಗ್ ಅಂತೂ ಬೇಡವೇ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಅದನ್ನು ಪೂರ್ತಿ ನಿಲ್ಲಿಸಿತು. ಇಂಗ್ಲೆಂಡ್ ಕೂಡ 2020ರಲ್ಲಿ ಪ್ರಾಥಮಿಕ ಶಾಲೆ ಮಕ್ಕಳ ತರಬೇತಿಯಿಂದ ತೆಗೆಯಿತು. ಹಾಗೆಯೇ ಟೆರೇಸ್ ಮೇಲಿರುವ ಚೆಂಡು ಯಾವ ಸೈಜ್ ನೋಡಿ. ದೊಡ್ಡವರ 5ನೇ ಸೈಜ್ 410ರಿಂದ 450 ಗ್ರಾಂ ತೂಗುತ್ತದೆ, ಈ ವಯಸ್ಸಿಗೆ 3 ಅಥವಾ 4ನೇ ಸೈಜ್ ಸಾಕು.

‘ಬಿ’ ಟೀಮಿನ ಬೇಸರವೇ ಇದಕ್ಕೆಲ್ಲ ಮೂಲ ಅನ್ನಿಸುತ್ತದೆ. ವಯೋಮಿತಿಯನ್ನು ಸಾಮಾನ್ಯವಾಗಿ ಜನವರಿ 1ರಿಂದ ಲೆಕ್ಕ ಹಾಕುತ್ತಾರೆ. ಹಾಗಿದ್ದರೆ ನಿಮ್ಮ ನವೆಂಬರ್ ಹುಡುಗ ಹತ್ತು ತಿಂಗಳು ದೊಡ್ಡವರ ಜೊತೆ ಓಡುತ್ತಿದ್ದಾನೆ. ಎಂಟರ ವಯಸ್ಸಿನಲ್ಲಿ ಹತ್ತು ತಿಂಗಳೆಂದರೆ ಕಾಲಿನ ಉದ್ದದಲ್ಲೂ ವೇಗದಲ್ಲೂ ಎದ್ದು ಕಾಣುವ ವ್ಯತ್ಯಾಸ. ಅದನ್ನು ಪ್ರತಿಭೆಯ ಕೊರತೆ ಅಂತ ಓದುವುದು ಮಗುವಿಗೆ ಮಾಡುವ ಅನ್ಯಾಯ.

ಗೆರೆಯ ಪಕ್ಕದ ಕೂಗು ಏನು ಮಾಡುತ್ತದೆ ಅಂತ ನಿಮ್ಮ ಯಜಮಾನರು ಒಮ್ಮೆ ಗಮನಿಸಲಿ. ಚೆಂಡು ಮಗನ ಕಾಲಿಗೆ ಬಂದೊಡನೆ ‘ಪಾಸ್ ಮಾಡೋ!’ ಅಂದರೆ ಅವನು ಮೈದಾನ ಬಿಟ್ಟು ಅಪ್ಪನ ಮುಖ ನೋಡುತ್ತಾನೆ. ಆ ಅರೆಕ್ಷಣ ಸಾಕು, ಎದುರಾಳಿ ಕಾಲು ಹಾಕಿ ಕಸಿಯಲು. ಎಲ್ಲಿಗೆ ಆಡಬೇಕೆಂದು ತಾನೇ ನೋಡಿ ತೀರ್ಮಾನಿಸುವುದನ್ನು ಕಲಿಯುವ ವಯಸ್ಸಿದು, ಆ ತೀರ್ಮಾನವನ್ನು ಅಪ್ಪ ತೆಗೆದುಕೊಳ್ಳುತ್ತಿದ್ದಾರೆ. ಮುಂದಿನ ಮೂರು ಮ್ಯಾಚ್ ಅವರು ಕೋಚ್‌ಗೆ ಎದುರು ಬದಿಯಲ್ಲಿ ನಿಂತು ಚಪ್ಪಾಳೆ ಮಾತ್ರ ತಟ್ಟಲಿ. ಮನೆಗೆ ಬರುವ ದಾರಿಯಲ್ಲಿ ತಪ್ಪಿನ ಲೆಕ್ಕ ಬೇಡ. ಬಾಳೆಹಣ್ಣು, ನೀರು ಕೊಡಿ, ಮಾತು ಅವನೇ ಎತ್ತಲಿ.

ಒತ್ತಾಯ ಮಾಡಲೇಬೇಕಾದದ್ದೂ ಇದೆ. ಹೊತ್ತಿಗೆ ಸರಿಯಾಗಿ ಹೋಗುವುದು, ಮೊಣಕಾಲ ಕೆಳಗೆ ರಕ್ಷಣೆಗೆ ಶಿನ್ ಗಾರ್ಡ್ ಕಟ್ಟುವುದು, ಬ್ಯಾಗ್ ತಾನೇ ಜೋಡಿಸುವುದು, ನೋವಿಲ್ಲದ ದಿನ ಬರೀ ಬೇಸರಕ್ಕೆ ತಪ್ಪಿಸದಿರುವುದು, ಇವುಗಳಲ್ಲಿ ಗಟ್ಟಿಯಾಗಿರಿ. ಹಿಮ್ಮಡಿ ವಾಸಿಯಾದ ಮೇಲೆ ಎರಡು ಸಂಜೆಯಿಂದ ಶುರು ಮಾಡಿ. ಆಮೇಲೂ ಮೂರು ಭಾನುವಾರ ಎದ್ದು ಬರಲು ಅತ್ತರೆ ಕೋಚ್ ಹತ್ತಿರ ಮಾತಾಡಿ ಕೆಲಕಾಲ ಮ್ಯಾಚ್ ಬಿಡಿಸಿ, ಸಂಜೆಯ ಆಟ ಮಾತ್ರ ಇರಲಿ.