ಬಳ್ಳಾರಿ ಕೋಟೆ ನೋಡಿದ ಮೇಲೆ ಸುತ್ತಮುತ್ತ ಇನ್ನೇನಿದೆ?

ಒಂದು ದಿನ ಜಾಸ್ತಿ ಇದ್ದರೆ ಮೊದಲು ಸಂಗನಕಲ್ಲಿಗೆ ಹೋಗಿ. ಊರಿಗೆ ಅಂಟಿಕೊಂಡಂತೇ ಇದೆ, ಆದರೂ ಬಳ್ಳಾರಿಯವರೇ ಎಷ್ಟೋ ಜನ ನೋಡಿಲ್ಲ. ಅಲ್ಲಿ ಹೊಸ ಶಿಲಾಯುಗದ ಜನ ಬದುಕಿದ್ದರು. ಪಕ್ಕದ ಕುಪ್ಪಗಲ್ಲು ಗುಡ್ಡದಲ್ಲಿ ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಕೆಲವು ಬಂಡೆಗಳನ್ನು ಸಣ್ಣ ಕಲ್ಲಿನಿಂದ ತಟ್ಟಿದರೆ ಗಂಟೆಯಂಥ ದನಿ ಬರುತ್ತದೆ. ಹಳೇ ಏಟುಗಳಿಂದ ಆದ ಕುಳಿಗಳೂ ಕಾಣುತ್ತವೆ. ನೀವು ಹೊಸದಾಗಿ ಕುಟ್ಟಲು ಹೋಗಬೇಡಿ, ಕಣ್ಣಲ್ಲಿ ನೋಡಿ ಬನ್ನಿ ಸಾಕು. ಬಿಸಿಲು ಏರುವ ಮೊದಲೇ ಹತ್ತಿ, ಏಪ್ರಿಲ್‌ನಲ್ಲಂತೂ ಬಂಡೆ ಕಾದ ಹೆಂಚು!

ಮಧ್ಯಾಹ್ನದ ಮೇಲೆ ದರೋಜಿ ಕರಡಿಧಾಮ. 1994ರಲ್ಲಿ ಶುರುವಾಗಿದ್ದು. ಅರಣ್ಯ ಇಲಾಖೆಯವರು ಬಂಡೆಗಳಿಗೆ ಸಿಹಿ ಬಳಿದಿಟ್ಟಿರುತ್ತಾರೆ, ಅದನ್ನು ನೆಕ್ಕಲು ಕರಡಿಗಳು ಇಳಿದು ಬರುತ್ತವೆ. ವೀಕ್ಷಣಾ ಗೋಪುರದಿಂದ ನೋಡಬೇಕು, ದೂರ ಇರುತ್ತವೆ. ಬೈನಾಕ್ಯುಲರ್ ಇಲ್ಲದಿದ್ದರೆ ಕಪ್ಪು ಚುಕ್ಕೆ ಅಲ್ಲಾಡಿದಂತೆ ಕಾಣುತ್ತದೆ ಅಷ್ಟೇ. ಮಕ್ಕಳು ಗಲಾಟೆ ಮಾಡಿದರೆ ಅದೂ ಇಲ್ಲ.

ಸಂಡೂರನ್ನು ಇದರ ಜೊತೆ ತುರುಕಬೇಡಿ, ಅದಕ್ಕೇ ಬೇರೆ ದಿನ ಇಡಿ. ಮಳೆ ಬಿದ್ದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ, ಆ ಬೆಟ್ಟಗಳು ಹಸಿರಾಗಿರುತ್ತವೆ. ಕಾಡಿನ ನಡುವೆ ಕುಮಾರಸ್ವಾಮಿ ದೇವಸ್ಥಾನ, ಕೆಳಗೆ ನಾರಿಹಳ್ಳ. ದಾರಿಯಲ್ಲಿ ಅದಿರಿನ ಲಾರಿಗಳ ಕೆಂಪು ಧೂಳು ಮಾತ್ರ ತಪ್ಪಿದ್ದಲ್ಲ, ಬಿಳಿ ಅಂಗಿ ಬೇಡ.

ಬೆಳಿಗ್ಗೆ ಹೊರಡುವಾಗ ಮಂಡಕ್ಕಿ ವಗ್ಗರಣೆ, ಮಿರ್ಚಿ ತಿಂದುಕೊಂಡೇ ಹೊರಡಿ. ಗುಡ್ಡದ ಹತ್ತಿರ ನೀರಿನ ಬಾಟಲಿಯೂ ಸಿಗುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ.