ಲ್ಯಾಪ್‌ಟಾಪ್ ಕಾದು ಕೆಂಡ ಆಗ್ತಿದೆ, ಏನ್ ಮಾಡ್ಲಿ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ಶುರುವಾಯ್ತು ಅಂದ್ರೆ ಈ ಅಂಕಣಕ್ಕೆ ಬರೋ ಪ್ರಶ್ನೆಗಳೆಲ್ಲ ಒಂದೇ ಕಡೆ ತಿರುಗ್ತವೆ. ಈ ಸಲ ಮೊಬೈಲು, ಪ್ರಿಂಟರು ಎಲ್ಲ ಪಕ್ಕಕ್ಕಿಟ್ಟು ಬಿಸಿ ಲ್ಯಾಪ್‌ಟಾಪಿನ ಪ್ರಶ್ನೆಗಳನ್ನ ಮಾತ್ರ ತಗೊಂಡಿದೀನಿ.

ಪ್ರಶ್ನೆ: ಸರ್ ನಮಸ್ಕಾರ್ರಿ, ನಾ ಇಂಜಿನಿಯರಿಂಗ್ ಓದಾಕತ್ತೀನ್ರಿ, ನಾಕು ವರ್ಷದ ಹಳೇ ಗೇಮಿಂಗ್ ಲ್ಯಾಪ್‌ಟಾಪ್ ಐತ್ರಿ. ಚಳಿಗಾಲದಾಗ ಏನೂ ತೊಂದ್ರಿ ಇರ್ಲಿಲ್ರಿ, ಈಗ ಬ್ಯಾಸಿಗಿ ಬಂದಮ್ಯಾಲ ಗೇಮ್ ಹಚ್ಚಿದ ಸ್ವಲ್ಪ ಹೊತ್ತಿಗೇ ಸ್ಲೋ ಆಗ್ತೈತ್ರಿ, ಫ್ಯಾನ್ ಒಂದೇ ಸವನ ಒದರ್ತೈತ್ರಿ, ಮೊನ್ನೆ ಎರಡು ಸಲ ತಾನ ಬಂದ್ ಆತ್ರಿ. ಅಂಗಡ್ಯಾಗ ಮದರ್‌ಬೋರ್ಡ್ ಹೋಗೇತಿ ಅಂತಾರ್ರಿ. ಲ್ಯಾಪ್‌ಟಾಪ್ ಕೆಳಗ ಇಡೋ ಫ್ಯಾನಿನ ಕೂಲಿಂಗ್ ಪ್ಯಾಡ್ ತಗೊಂಡ್ರ ಸಾಕೇನ್ರಿ? – ವಿದ್ಯಾರ್ಥಿ, ರಾಯಚೂರು

ಉತ್ತರ: ತಮ್ಮಾ, ಸದ್ಯಕ್ಕೆ ಮದರ್‌ಬೋರ್ಡಿಗೂ ದುಡ್ಡು ಕೊಡ್ಬೇಡ, ಪ್ಯಾಡಿಗೂ ಕೊಡ್ಬೇಡ. ಚಳಿಗಾಲದಲ್ಲಿ ಸರಿ ಇತ್ತು ಅಂತ ನೀನೇ ಬರ್ದಿದೀಯಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಲ್ಯಾಪ್‌ಟಾಪಿನ ಫ್ಯಾನು ಏಸಿ ಅಲ್ಲ, ಅದು ತಣ್ಣಗೆ ಮಾಡಲ್ಲ, ರೂಮಿನ ಗಾಳಿನ ಒಳಗೆಳ್ಕೊಂಡು ಬಿಸಿನ ಆಚೆ ತಳ್ಳುತ್ತೆ ಅಷ್ಟೇ. 25 ಡಿಗ್ರಿ ರೂಮಲ್ಲಿ ನಿನ್ನ ಪ್ರೊಸೆಸರ್ 80 ಡಿಗ್ರಿ ಇತ್ತು ಅಂದ್ಕೋ, ಅಂದ್ರೆ ರೂಮಿಗಿಂತ 55 ಜಾಸ್ತಿ. ಅದೇ ಕೆಲಸನ 42 ಡಿಗ್ರಿಯ ರಾಯಚೂರು ಮಧ್ಯಾಹ್ನದಲ್ಲಿ ಮಾಡಿಸಿದ್ರೆ ಹೆಚ್ಚುಕಮ್ಮಿ 97ಕ್ಕೆ ಹೋಗಿ ನಿಲ್ಲುತ್ತೆ. ಲ್ಯಾಪ್‌ಟಾಪಲ್ಲಿ ಬರೋ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವಕ್ಕೆ 100 ಡಿಗ್ರಿನೇ ಗಡಿ, ಎಎಂಡಿಯ ಎಷ್ಟೋ ಮಾಡೆಲ್‌ಗಳಿಗೆ 95. ಗಡಿ ಹತ್ರ ಬಂದ ತಕ್ಷಣ ಅದು ತಾನೇ ವೇಗ ಇಳಿಸ್ಕೊಳ್ಳುತ್ತೆ, ಅದೇ ನಿನಗೆ ಕಾಣ್ತಿರೋ ಸ್ಲೋ. ಇಳಿಸ್ಕೊಂಡ್ರೂ ತಡೀಲಿಲ್ಲ ಅಂದ್ರೆ ಸುಟ್ಟುಹೋಗೋದಕ್ಕಿಂತ ವಾಸಿ ಅಂತ ಆಫ್ ಆಗುತ್ತೆ. ಹಾಗೆ ಆಫ್ ಆಗೋದು ಬೋರ್ಡ್ ಹೋಗಿರೋದರ ಲಕ್ಷಣ ಅಲ್ಲ, ಬೋರ್ಡನ್ನ ಉಳಿಸ್ಕೊಳ್ಳೋಕೆ ಅದು ಮಾಡ್ತಿರೋ ಕೆಲಸ.

ಮೊದ್ಲು ಅಳತೆ ಮಾಡು. ಎಚ್‌ಡಬ್ಲ್ಯುಇನ್ಫೋ ಅಥವಾ ಕೋರ್ ಟೆಂಪ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಕೊಂಡು, ಏನೂ ಕೆಲಸ ಕೊಡದೆ ಒಂದು ಸಲ ನೋಡು, ಗೇಮ್ ಆಡ್ತಾ ಒಂದು ಸಲ ನೋಡು. ಸುಮ್ನೆ ಇದ್ದಾಗ 50ರ ಆಸುಪಾಸು ಇದ್ದು ಗೇಮ್ ಹಚ್ಚಿದಾಗ ಮೆಲ್ಲಗೆ ಏರಿದ್ರೆ ಗಾಳಿ ಓಡಾಟದ ತೊಂದರೆ, ಅಂದ್ರೆ ಧೂಳು. ಗೇಮ್ ಹಚ್ಚಿದ ಕೆಲವೇ ಸೆಕೆಂಡಲ್ಲಿ ಸರ್ರಂತ 95 ದಾಟಿದ್ರೆ ಚಿಪ್ಪಿಂದ ತಾಮ್ರದ ಪೈಪಿಗೆ ಬಿಸಿ ಸರಿಯಾಗಿ ದಾಟ್ತಾ ಇಲ್ಲ, ಮಧ್ಯೆ ಬಿಸಿ ದಾಟಿಸೋಕೆ ಬಳಿದಿರೋ ಥರ್ಮಲ್ ಪೇಸ್ಟ್ ಒಣಗಿರುತ್ತೆ. ನಾಕು ವರ್ಷದ ಮೆಷಿನ್ನಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತೆ.

ಧೂಳು ಎಲ್ಲಿ ಕೂರುತ್ತೆ ಅಂತ ಗೊತ್ತಿದ್ರೆ ಯಾರೂ ನಿನಗೆ ಟೋಪಿ ಹಾಕಕ್ಕಾಗಲ್ಲ. ಫ್ಯಾನ್ ರೆಕ್ಕೆ ಮೇಲೆ ಕಾಣೋ ಧೂಳು ದೊಡ್ಡ ವಿಷಯ ಅಲ್ಲ, ಫ್ಯಾನಿಗೂ ಗಾಳಿ ಆಚೆ ಹೋಗೋ ತೆಳ್ಳನೆ ಲೋಹದ ಪದರಗಳಿಗೂ ನಡುವೆ ಕಂಬಳಿ ತುಂಡಿನ ಥರ ಮೆತ್ಕೊಂಡಿರುತ್ತಲ್ಲ, ಅದು ಅಸಲಿ ಕಳ್ಳ. ಹೊರಗಿಂದ ಊದಿದ್ರೆ ಅದು ಬರೋದು ಕಮ್ಮಿ, ಕೆಳಗಿನ ಕವರ್ ಬಿಚ್ಚಲೇಬೇಕು. ವಾರಂಟಿ ಇನ್ನೂ ಇದ್ರೆ ನೀನು ಕೈ ಹಾಕ್ಬೇಡ, ಅವರ ಸರ್ವಿಸ್ ಸೆಂಟರ್‌ಗೇ ಕೊಡು. ಮುಗಿದಿದ್ರೆ ಆಫ್ ಮಾಡಿ, ಚಾರ್ಜರ್ ಕಿತ್ತು, ಕವರ್ ಬಿಚ್ಚಿದ ತಕ್ಷಣ ಬ್ಯಾಟರಿ ಕನೆಕ್ಟರ್ ತೆಗೆದು, ಆಮೇಲೆ ಮೆತ್ತನೆ ಬ್ರಷ್ಷಲ್ಲಿ ಬಿಡಿಸು. ಗಾಳಿ ಹೊಡೆಯೋವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡ್ಕೊ, ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದ್ರೆ ಬೇರಿಂಗ್ ಹಾಳಾಗುತ್ತೆ. ಪಂಕ್ಚರ್ ಅಂಗಡಿ ಕಂಪ್ರೆಸರ್ ಹತ್ರ ತಗೊಂಡು ಹೋಗೋರೂ ಇದಾರೆ, ಬೇಡಪ್ಪಾ, ಆ ಗಾಳಿಲಿ ನೀರಿನ ಪಸೆ ಇರುತ್ತೆ, ಎಣ್ಣೆನೂ ಇರ್ಬಹುದು, ಒತ್ತಡ ಅಂತೂ ವಿಪರೀತ.

ಪೇಸ್ಟ್ ಬದಲಾಯಿಸೋದು ಕೈಪಳಗಿದವರ ಕೆಲಸ, ಅದನ್ನ ಅಂಗಡಿಗೇ ಕೊಡು, ಆದ್ರೆ ಎದುರಿಗೆ ನಿಂತು ಮಾಡಿಸು. ಹಳೇದನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಪೂರ್ತಿ ಒರೆಸಿ ಹೊಸದನ್ನ ತೆಳ್ಳಗೆ ಹಾಕ್ಬೇಕು, ಜಾಸ್ತಿ ಬಳಿದ್ರೆ ಜಾಸ್ತಿ ತಂಪಾಗಲ್ಲ. ಪಕ್ಕದ ಮೆಮೊರಿ ಚಿಪ್ಪುಗಳ ಮೇಲೆ ರಬ್ಬರ್ ಥರದ ಪ್ಯಾಡ್ ಇರುತ್ತೆ, ಅದನ್ನ ಕಿತ್ತು ಅಲ್ಲೂ ಪೇಸ್ಟ್ ಬಳಿಯೋಕೆ ಹೊರಟ್ರೆ ತಡಿ. ಆ ಸಂದು ತುಂಬೋಕೆ ಪ್ಯಾಡೇ ಬೇಕು.

ಇನ್ನು ದುಡ್ಡಿಲ್ಲದ ಉಪಾಯ. ವಿಂಡೋಸ್ ಪವರ್ ಆಪ್ಷನ್ಸಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒಳಗೆ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಅಂತ ಇದೆ, ಅಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರೋದನ್ನ 99 ಮಾಡು. ಒಂದು ಪರ್ಸೆಂಟ್ ಕಮ್ಮಿ ಮಾಡಿದ್ರೆ ಏನಾಗುತ್ತೆ ಅಂತ ನಗ್ಬೇಡ, ಹೆಚ್ಚಿನ ಲ್ಯಾಪ್‌ಟಾಪಲ್ಲಿ ಆ ಒಂದಕ್ಕೇ ಟರ್ಬೊ ಬೂಸ್ಟ್, ಅಂದ್ರೆ ಪ್ರೊಸೆಸರ್ ಆಗಾಗ ತನ್ನ ವೇಗ ಏರಿಸ್ಕೊಳ್ಳೋದು, ಪೂರ್ತಿ ನಿಂತ್ಹೋಗುತ್ತೆ, ಬಿಸಿ ಎದ್ದು ಕಾಣೋ ಹಾಗೆ ಇಳಿಯುತ್ತೆ. ಕೆಲವು ಹೊಸ ಮೆಷಿನ್ನಲ್ಲಿ ಈ ಸಾಲು ಕಾಣಿಸೋದೇ ಇಲ್ಲ, ಅಂಥ ಮೆಷಿನ್ ಇರೋರು ಪವರ್ ಮೋಡಲ್ಲಿ ಕರೆಂಟ್ ಉಳಿಸೋದನ್ನ ಆರಿಸ್ಕೊಳ್ಳಿ. ಗೇಮಲ್ಲಿ ಫ್ರೇಮ್ ರೇಟನ್ನ, ಅಂದ್ರೆ ಸೆಕೆಂಡಿಗೆ ಎಷ್ಟು ಚಿತ್ರ ತೋರಿಸ್ಬೇಕು ಅನ್ನೋದನ್ನ, 60ಕ್ಕೆ ಕಟ್ಟಿಹಾಕು. ಕೂಲಿಂಗ್ ಪ್ಯಾಡಿನ ಫ್ಯಾನು ನಿನ್ನ ಲ್ಯಾಪ್‌ಟಾಪಿನ ಗಾಳಿ ಕಿಂಡಿಯ ನೇರಕ್ಕೆ ಬಂದ್ರೆ ಮಾತ್ರ ಉಪಯೋಗ, ಅದಕ್ಕೂ ಮೊದ್ಲು ಹಿಂದಿನ ಎರಡು ಮೂಲೆಗೆ ಬಾಟಲಿ ಮುಚ್ಚಳ ಇಟ್ಟು ಎತ್ತರಿಸಿ ನೋಡು, ಅದರಲ್ಲೇ ಎಷ್ಟೋ ಕೆಲಸ ಆಗುತ್ತೆ. ಹಾಸಿಗೆ ಮೇಲೆ ಇಟ್ಕೊಂಡು ಆಡ್ತೀಯೋ ಇಲ್ವೋ ನೀನು ಬರ್ದಿಲ್ಲ, ಬರ್ದಿಲ್ಲ ಅಂದ್ರೆ ಇಟ್ಕೋತೀಯ ಅಂತಾನೇ ನನ್ನ ಲೆಕ್ಕ.

ಪ್ರಶ್ನೆ: ಲ್ಯಾಪ್‌ಟಾಪ್ ತಗೊಂಡು ಇನ್ನೂ ವರ್ಷ ಆಗಿಲ್ಲ, ನಾನು ಮಾಡೋದು ನೋಟ್ಸ್ ಟೈಪಿಂಗು, ಆನ್‌ಲೈನ್ ಕ್ಲಾಸು ಅಷ್ಟೇ. ಆದ್ರೂ ಸುಮ್ನೆ ಇಟ್ರೂ ಬಿಸಿ ಆಗ್ತಾ ಇರತ್ತೆ. ವಾಪಸ್ ಕೊಡ್ಬೇಕಾ? – ಶಿಕ್ಷಕಿ, ಶಿವಮೊಗ್ಗ

ಉತ್ತರ: ಮೇಡಂ, ವಾಪಸ್ ಕೊಡೋ ಮುಂಚೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತೆ, ಅದರಲ್ಲಿ ಸಿಪಿಯು (ಪ್ರೊಸೆಸರ್) ಅಂತ ಇರೋ ಕಡೆ ಕ್ಲಿಕ್ ಮಾಡಿದ್ರೆ ಜಾಸ್ತಿ ತಿಂತಿರೋದು ಮೇಲೆ ಬರುತ್ತೆ. ಹೊಸ ಮೆಷಿನ್ನಲ್ಲಿ ಧೂಳಿರೋ ಸಾಧ್ಯತೆ ಕಮ್ಮಿ, ಯಾವುದೋ ಪ್ರೋಗ್ರಾಮ್ ಒಳಗೊಳಗೇ ಓಡ್ತಾ ಇರುತ್ತೆ: ವಿಂಡೋಸ್ ಅಪ್‌ಡೇಟು, ಆಂಟಿವೈರಸ್ ಸ್ಕ್ಯಾನು, ಇಲ್ಲಾ ಬ್ರೌಸರಲ್ಲಿ ಮುಚ್ಚದೇ ಬಿಟ್ಟಿರೋ ರಾಶಿ ಟ್ಯಾಬು. ಅಪ್‌ಡೇಟ್ ಆದ್ರೆ ಮುಗಿಯೋವರೆಗೂ ಬಿಡಿ, ತಾನೇ ತಣ್ಣಗಾಗುತ್ತೆ. ಎರಡು ಆಂಟಿವೈರಸ್ ಹಾಕ್ಕೊಂಡಿದ್ರೆ ಒಂದನ್ನ ತೆಗೀರಿ. ಏನಂತಾನೇ ಗೊತ್ತಾಗದ ಹೆಸರು ದಿನವಿಡೀ 70, 80 ಪರ್ಸೆಂಟ್ ತಿಂತಾ ಕೂತಿದ್ರೆ ಅನುಮಾನ ಪಡಬೇಕು, ನಿಮ್ಮ ಲ್ಯಾಪ್‌ಟಾಪಲ್ಲಿ ಬೇರೆಯವರಿಗೆ ಕ್ರಿಪ್ಟೊ ಅನ್ನೋ ಡಿಜಿಟಲ್ ದುಡ್ಡು ದುಡಿದು ಕೊಡೋ ವೈರಸ್‌ಗಳೂ ಇದಾವೆ, ಆವಾಗ ಪೂರ್ತಿ ಸ್ಕ್ಯಾನ್ ಮಾಡಿಸಿ. ಪಟ್ಟಿಲಿ ಯಾವುದೂ ಜಾಸ್ತಿ ತಿಂತಾ ಇಲ್ಲ, ಆದ್ರೂ ಸುಡ್ತಿದೆ ಅಂದ್ರೆ ಆಗ ಬಿಲ್ ಹಿಡ್ಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ.

ಪ್ರಶ್ನೆ: ಟಚ್‌ಪ್ಯಾಡ್ ಒಂದು ಕಡೆ ಮೇಲಕ್ಕೆ ಎದ್ದಿದೆ, ಕ್ಲಿಕ್ ಆಗ್ತಿಲ್ಲ, ಟೇಬಲ್ ಮೇಲೆ ಇಟ್ರೆ ಲ್ಯಾಪ್‌ಟಾಪ್ ಅಲ್ಲಾಡತ್ತೆ. ಬಿಸಿ ಮೊದ್ಲಿಂದ ಇತ್ತು. ದಿನಪೂರ್ತಿ ಚಾರ್ಜಿಗೇ ಹಾಕಿರ್ತೀನಿ. – ಅಕೌಂಟೆಂಟ್, ಮಂಗಳೂರು

ಉತ್ತರ: ಇದನ್ನ ಓದಿದ ತಕ್ಷಣ ಚಾರ್ಜರ್ ಕೀಳಿ, ಲ್ಯಾಪ್‌ಟಾಪ್ ಆಫ್ ಮಾಡಿ, ಮತ್ತೆ ಆನ್ ಮಾಡ್ಬೇಡಿ. ನೀವು ಹೇಳ್ತಿರೋದು ಬ್ಯಾಟರಿ ಊದಿರೋ ಲಕ್ಷಣ. ಬಿಸಿ ಮತ್ತೆ ಸದಾ 100 ಪರ್ಸೆಂಟ್ ಚಾರ್ಜು, ಇವೆರಡೂ ಸೇರಿ ಲಿಥಿಯಂ ಬ್ಯಾಟರಿನ ಬೇಗ ಮುದಿ ಮಾಡ್ತವೆ, ಒಳಗಿನ ರಾಸಾಯನಿಕ ಒಡೆದು ಗ್ಯಾಸ್ ತುಂಬ್ಕೊಳ್ಳುತ್ತೆ. ಎದ್ದಿರೋದನ್ನ ಒತ್ತಿ ಕೂರಿಸೋದು, ಚುಚ್ಚಿ ಗಾಳಿ ತೆಗೆಯೋದು ಇವೆಲ್ಲ ಮಾಡಿದ್ರೆ ಬೆಂಕಿ ಹತ್ತುತ್ತೆ, ಇದು ತಮಾಷೆ ಅಲ್ಲ. ಲಿಥಿಯಂ ಸೆಲ್ ಒಳಗೆ ಶಾರ್ಟ್ ಆದ್ರೆ ಏನಾಗುತ್ತೆ ಅನ್ನೋದಕ್ಕೆ 2006ರಲ್ಲಿ ಡೆಲ್ ಕಂಪನಿ ಸೋನಿ ಸೆಲ್ ಇದ್ದ ಸುಮಾರು 41 ಲಕ್ಷ ಬ್ಯಾಟರಿ ವಾಪಸ್ ಕರೆಸ್ಕೊಂಡಿದ್ದೇ ಸಾಕ್ಷಿ. ಅಡ್ಡಡ್ಡ ಬಗ್ಗಿಸದ ಹಾಗೆ ಎತ್ಕೊಂಡು ಹೋಗಿ ಸರ್ವಿಸ್ ಸೆಂಟರಲ್ಲಿ ಬ್ಯಾಟರಿ ಬದಲಾಯಿಸಿ. ಹಳೇ ಬ್ಯಾಟರಿ ಕಸದ ಗಾಡಿಗೆ ಹಾಕ್ಬೇಡಿ, ಅಲ್ಲೇ ಇ-ತ್ಯಾಜ್ಯಕ್ಕೆ ಕೊಟ್ಟು ಬನ್ನಿ. ಹೊಸದು ಹಾಕಿದ ಮೇಲೆ ಚಾರ್ಜ್ 80ಕ್ಕೆ ನಿಲ್ಲಿಸೋ ಸೆಟ್ಟಿಂಗ್ ಲ್ಯಾಪ್‌ಟಾಪ್ ಕಂಪನಿಯ ಆಪಲ್ಲೋ, ಆನ್ ಮಾಡೋವಾಗ ತೆರೆಯೋ ಬಯೋಸ್ ಸೆಟ್ಟಿಂಗ್ಸಲ್ಲೋ ಇದ್ರೆ ಆನ್ ಮಾಡಿ, ಇಡೀ ದಿನ ಪ್ಲಗ್ಗಲ್ಲೇ ಇಡೋರಿಗೆ ಅದು ಬೇಕೇ ಬೇಕು.

ಪ್ರಶ್ನೆ: ವರ್ಕ್ ಫ್ರಮ್ ಹೋಮ್‌ನಲ್ಲಿ ತೊಡೆ ಮೇಲೇ ಇಟ್ಕೊಂಡು ಕೆಲಸ ಮಾಡ್ತೀನಿ. ಈಗ ಎಡ ತೊಡೆ ಮೇಲೆ ಬಲೆ ಬಲೆ ಥರ ಕಂದು ಗುರುತು ಬಂದಿದೆ, ನೋವಿಲ್ಲ. ಲ್ಯಾಪ್‌ಟಾಪಿಗೂ ಇದಕ್ಕೂ ಸಂಬಂಧ ಇದ್ಯಾ? – ಬೆಂಗಳೂರು

ಉತ್ತರ: ಇರಬಹುದು. ಸುಡದಷ್ಟು ಬಿಸಿ ತಿಂಗಳುಗಟ್ಟಲೆ ಒಂದೇ ಜಾಗಕ್ಕೆ ತಾಗ್ತಾ ಇದ್ರೆ ಚರ್ಮ ಹೀಗೆ ಬಲೆ ಬಲೆಯಾಗಿ ಕಪ್ಪಾಗುತ್ತೆ. ಮೊದಲೆಲ್ಲ ಒಲೆ ಮುಂದೆ ಗಂಟೆಗಟ್ಟಲೆ ಕೂರೋರಿಗೆ, ಕಾಶ್ಮೀರದಲ್ಲಿ ಬಟ್ಟೆ ಒಳಗೆ ಕೆಂಡದ ಕಾಂಗ್ಡಿ ಇಟ್ಕೊಳ್ಳೋರಿಗೆ ಬರ್ತಿತ್ತು. 2010ರಲ್ಲಿ ಸ್ವಿಜರ್ಲೆಂಡಿನ ಡಾಕ್ಟರ್‌ಗಳು, ದಿನಾ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಗೇಮ್ ಆಡ್ತಿದ್ದ 12 ವರ್ಷದ ಹುಡುಗನಿಗೆ ಇದೇ ಆಗಿದ್ದನ್ನ ವೈದ್ಯಕೀಯ ಪತ್ರಿಕೆಲಿ ಬರೆದಿದ್ರು, ಅವನಿಗೂ ಎಡ ತೊಡೆಗೇ. ಬಿಸಿ ತಪ್ಪಿಸಿದ್ರೆ ಎಷ್ಟೋ ಸಲ ಮೆಲ್ಲಗೆ ಮಾಸುತ್ತೆ, ಆದ್ರೆ ನಾನು ಲ್ಯಾಪ್‌ಟಾಪ್ ಡಾಕ್ಟರ್ ಮಾತ್ರ, ಚರ್ಮದ ಡಾಕ್ಟರಿಗೆ ಒಂದು ಸಲ ತೋರ್ಸಿ. ದಿಂಬು ಇಟ್ಕೊಂಡು ಅದರ ಮೇಲೆ ಲ್ಯಾಪ್‌ಟಾಪ್ ಇಟ್ರೆ ತೊಡೆ ಉಳಿಯುತ್ತೆ, ಲ್ಯಾಪ್‌ಟಾಪ್ ಹೋಗುತ್ತೆ. ಗಟ್ಟಿ ಹಲಗೆನೋ ಟೇಬಲ್ಲೋ ನೋಡ್ಕೊಳ್ಳಿ.

ಪ್ರಶ್ನೆ: ತುಂಬ ಬಿಸಿ ಆದಾಗ ಹತ್ತು ನಿಮಿಷ ಫ್ರಿಜ್ಜಲ್ಲಿ ಇಡಬಹುದಾ? – ಬಳ್ಳಾರಿ

ಉತ್ತರ: ಬೇಡ. ಆಚೆ ತೆಗೆದ ತಕ್ಷಣ ತಣ್ಣೀರಿನ ಲೋಟದ ಮೇಲೆ ಹನಿ ಕೂರುತ್ತಲ್ಲ, ಅದೇ ಹನಿ ಬೋರ್ಡ್ ಮೇಲೂ ಕೂರಬಹುದು. ಆಫ್ ಮಾಡಿ ಸೀಲಿಂಗ್ ಫ್ಯಾನ್ ಕೆಳಗಿಡಿ, ಸಾಕು.

ಪ್ರಶ್ನೆ: ಮಗಳ ಮ್ಯಾಕ್‌ಬುಕ್ ಏರ್ ಬಿಸಿ ಆಗತ್ತೆ, ಆದ್ರೆ ಫ್ಯಾನ್ ಸದ್ದೇ ಬರಲ್ಲ. ಫ್ಯಾನ್ ಕೆಟ್ಟಿದ್ಯಾ, ಬದಲಾಯಿಸೋಕೆ ಎಷ್ಟಾಗತ್ತೆ? – ಮೈಸೂರು

ಉತ್ತರ: ಏನೂ ಆಗಲ್ಲ ಸ್ವಾಮಿ, 2020ರಲ್ಲಿ ಆಪಲ್ಲಿನ ಎಂ1 ಚಿಪ್ ಇರೋ ಮಾಡೆಲ್ ಬಂದಾಗಿಂದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಮೈಯಿಂದಾನೇ ಬಿಸಿ ಬಿಡೋ ಹಾಗೆ ಮಾಡಿರೋದು, ಬೆಚ್ಚಗಾಗೋದು ಸಹಜ, ಜೋರು ಕೆಲಸ ಕೊಟ್ರೆ ತಾನೇ ಸ್ವಲ್ಪ ನಿಧಾನ ಆಗುತ್ತೆ. 10ರಿಂದ 35 ಡಿಗ್ರಿ ಇರೋ ಜಾಗದಲ್ಲಿ ಬಳಸಿ ಅಂತ ಆಪಲ್ಲೇ ಹೇಳುತ್ತೆ, ಹಾಗಾಗಿ ಬೇಸಿಗೆಲಿ ಬಿಸಿಲಿಗೆ ನಿಲ್ಲಿಸಿದ ಕಾರಲ್ಲಿ ಮಾತ್ರ ಬಿಟ್ಟು ಹೋಗ್ಬೇಡ ಅಂತ ಮಗಳಿಗೆ ಹೇಳಿ. ಇನ್ನು ಯಾರಾದ್ರೂ ಅದಕ್ಕೆ ಹೊಸ ಫ್ಯಾನ್ ಹಾಕಿಕೊಡ್ತೀನಿ ಅಂತ ರೇಟ್ ಹೇಳಿದ್ರೆ ಆ ಅಂಗಡಿಯಿಂದ ಲ್ಯಾಪ್‌ಟಾಪ್ ಎತ್ಕೊಂಡು ಬಂದ್ಬಿಡಿ.